ಕಾಟನ್‌ಪೇಟೆಗೆ ಬಂದ ಸಮುದ್ರ

ಎದುರುಮನೆ ಟೀಚರ್ ಒಂದು ಸ್ಟೀಲ್ ಲೋಟ ತಂದು ನನ್ನ ಮೇಜಿನ ಮೇಲಿಟ್ಟರು. ಅದರ ತುಂಬ ಕೆಂಪು ನೀರು. ನೋಡಿದವರು ಷರಬತ್ತು ಅಂದುಕೊಳ್ಳಬೇಕು, ಅಷ್ಟು ಲಕ್ಷಣವಾಗಿತ್ತು.

"ಕುಡೀರಿ," ಅಂದರು.

"ಏನಿದು ಟೀಚರ್?"

"ನಿಮ್ಮದೇ. ಈಗ ನಿಮ್ಮ ಮೋರಿ ಬಾಯಲ್ಲಿ ಹಿಡ್ಕೊಂಡು ಬಂದೆ."

ನೋಡಿದ ಕೂಡಲೇ ಗುರುತು ಸಿಕ್ಕಿತು. ಅವತ್ತು ಬೆಳಿಗ್ಗೆ ಸೀರೆ ಅಂಚಿನ ನೂಲಿಗೆ ಹಾಕಿದ ಮೆರೂನ್. ನಿಜ ಹೇಳಿಬಿಡುತ್ತೇನೆ, ನನಗೆ ಮೊದಲು ಆದದ್ದು ನಾಚಿಕೆಯಲ್ಲ, ಇಷ್ಟೊಂದು ಬಣ್ಣ ನೂಲಿಗೆ ಹತ್ತದೆ ಮೋರಿ ಪಾಲಾಯಿತಲ್ಲ ಅನ್ನುವ ಹೊಟ್ಟೆಯುರಿ. ನಾಚಿಕೆ ಆಮೇಲೆ ಬಂತು, ಅದೂ ಟೀಚರ್ ಲೋಟವನ್ನು ಅಲ್ಲೇ ಬಿಟ್ಟು ಹೋದ ಮೇಲೆ.

ನಮ್ಮದು ಕಾಟನ್‌ಪೇಟೆಯ ಒಂದು ಗಲ್ಲಿಯ ಕೊನೆಯಲ್ಲಿರುವ ಬಣ್ಣದ ಶೆಡ್ಡು. ಮಗ್ಗದವರು ಬಿಳಿ ಹತ್ತಿ ನೂಲಿನ ಲಡಿ ಕೊಡುತ್ತಾರೆ, ನಾವು ಬಣ್ಣ ಹಾಕಿ ಒಣಗಿಸಿ ವಾಪಸ್ ಕೊಡುತ್ತೇವೆ. ನಾನು ಈ ಕಸುಬಿನಲ್ಲಿ ಹುಟ್ಟಿದವಳಲ್ಲ. ಮೆಜೆಸ್ಟಿಕ್‌ನಲ್ಲಿ ಬಸ್ಸು ಇಳಿದು, ನೂಲಿನ ಗಂಟು ತಲೆ ಮೇಲೆ ಹೊತ್ತು ಮಗ್ಗದ ಮನೆಗಳಿಗೆ ಮುಟ್ಟಿಸುತ್ತಿದ್ದವಳು. ಚೌಕಾಸಿಯೇ ನನ್ನ ಬಂಡವಾಳ. ಆ ವಿದ್ಯೆಯಲ್ಲಿ ಒಂದು ಮಾತು ಹೇಳುತ್ತೇನೆ, ಇಟ್ಟುಕೊಳ್ಳಿ, ಉಪಯೋಗಕ್ಕೆ ಬರುತ್ತೆ: ಅವೆನ್ಯೂ ರಸ್ತೆಯಲ್ಲಿ ಏನೇ ಕೊಳ್ಳಲು ಹೋದರೂ ಮೊದಲು ಬೇಡದ್ದರ ಬೆಲೆ ಕೇಳಿ. ಬೇಕಾದ್ದನ್ನು ಮೊದಲೇ ನೋಡಿದರೆ ಅಂಗಡಿಯವನಿಗೆ ನಿಮ್ಮ ಕಣ್ಣಲ್ಲೇ ರೇಟು ಕಾಣುತ್ತೆ.

ಟೀಚರ್ ಹತ್ತಿರ ಮಾತ್ರ ಈ ವಿದ್ಯೆ ನಡೆಯಲಿಲ್ಲ. ಮಾರನೆಯ ದಿನ ಲೋಟ ತೊಳೆದು, ಜೊತೆಗೆ ನಾಲ್ಕು ಬಾಳೆಹಣ್ಣು ಇಟ್ಟುಕೊಂಡು ಅವರ ಮನೆಗೆ ಹೋದೆ.

"ಬಸವನಗುಡೀಲಿ ಬಸವಣ್ಣನ ಪಾದದ ಹತ್ರ ಹುಟ್ಟಿದ ಹೊಳೆ ಕಣ್ರೀ ಅದು," ಅಂದರು. "ನಿಮ್ಮ ಮೋರಿ ಹೋಗಿ ಸೇರೋದು ಅಲ್ಲಿಗೇ."

"ಆ ಹೊಳೆಗೆ ಇಡೀ ಊರಿನ ಮೋರಿ ಸೇರುತ್ತಲ್ಲ ಟೀಚರ್. ನಮ್ಮದೆಷ್ಟು?"

"ಇಡೀ ಊರು ನನ್ನ ಎದುರುಮನೇಲಿಲ್ಲ. ನೀವಿದೀರಿ."

ಬಾಳೆಹಣ್ಣು ಇಟ್ಟುಕೊಂಡರು. ನನ್ನ ಮೇಲೆ ಅರ್ಜಿಯನ್ನೂ ಕೊಟ್ಟರು. ಎರಡು ವಾರಕ್ಕೆ ಮಾಲಿನ್ಯದ ಕಚೇರಿಯಿಂದ ಒಬ್ಬ ಅಧಿಕಾರಿ ಬಂದು ಮೋರಿ ನೋಡಿದರು, ಶೆಡ್ಡು ನೋಡಿದರು, ನನ್ನನ್ನೂ ನೋಡಿದರು. ಮುಂದಿನ ತಿಂಗಳ ಎರಡನೇ ಶುಕ್ರವಾರ ಮತ್ತೆ ಬರ್ತೀನಿ, ಆವತ್ತು ಬಣ್ಣದ ನೀರು ಕಂಡರೆ ಕರೆಂಟು ಕಟ್, ಬಾಗಿಲಿಗೆ ಬೀಗ ಅಂದರು. ದನಿ ಏರಿಸದೆ ಹೇಳಿದರು, ಅದಕ್ಕೇ ಹೆದರಿಕೆಯಾಯಿತು. ಕೂಗಾಡುವವರ ಹತ್ತಿರ ಮಾತಿಗೆ ಜಾಗ ಇರುತ್ತೆ, ಮೆಲ್ಲಗೆ ಮಾತಾಡುವವರು ಆಗಲೇ ತೀರ್ಮಾನ ಮಾಡಿಕೊಂಡು ಬಂದಿರುತ್ತಾರೆ. ಶೆಡ್ಡು ಮುಚ್ಚಿದರೆ ನನಗೆ ಬೇರೆ ಕಸುಬು ಗೊತ್ತಿಲ್ಲ. ನಮ್ಮ ಮೇಸ್ತ್ರಿಗಂತೂ, ಹಂಡೆಯ ಮುಂದೆ ನಿಂತು ತಲೆ ಬೆಳ್ಳಗಾದವರಿಗೆ, ಇನ್ನೆಲ್ಲಿ ಕೆಲಸ?

ಆಗ ಆ ಹುಡುಗಿಯ ನೆನಪಾಯಿತು. ಯಾವುದೋ ಕಾಲೇಜಿನ ಲ್ಯಾಬಿನಲ್ಲಿ ಸಂಶೋಧನೆ ಮಾಡುವವಳು, ಹಿಂದೊಂದು ಸಲ ಬಂದು ನಮ್ಮ ಕೊಳೆ ನೀರು ಎರಡು ಬಾಟ್ಲಿ ಕೇಳಿದ್ದಳು. ಎಷ್ಟು ಕೊಡ್ತೀಯ ಅಂತ ಕೇಳಿದ್ದೆ.

"ಚರಂಡಿಗೆ ಬಿಡೋ ನೀರಿಗೂ ರೇಟಾ ಆಂಟಿ?"

"ಕೇಳೋರು ಬಂದ್ಮೇಲೆ ಎಲ್ಲಕ್ಕೂ ರೇಟೇ ಕಣಮ್ಮ."

ಕೊನೆಗೆ ಒಂದು ಕಾಫಿಗೆ ವ್ಯವಹಾರ ಮುಗಿದಿತ್ತು. ಈಗ ನಾನೇ ಫೋನು ಮಾಡಿ ಕರೆದೆ, ಕಾಫಿಯನ್ನೂ ನಾನೇ ತರಿಸಿದೆ.

ಅವಳು ಒಂದು ಬಿಳಿ ಕ್ಯಾನು ಹೊತ್ತು ಬಂದಳು. ಒಳಗೆ ಗಂಜಿ ತಿಳಿಯ ಹಾಗೆ ಏನೋ ಇತ್ತು, ಮುಚ್ಚಳ ತೆಗೆದರೆ ಮೀನಿನ ಮಾರ್ಕೆಟ್ಟಿನ ವಾಸನೆ. ಕರಾವಳಿಯ ಒಂದು ಬಂದರಿನ ಕೆಸರಿನಿಂದ ಹುಡುಕಿ ಸಾಕಿದ ಬ್ಯಾಕ್ಟೀರಿಯಾ ಅಂತೆ.

"ಸಮುದ್ರದಿಂದ ಯಾಕಮ್ಮ? ಬೆಂಗಳೂರಿನ ಕೆಸರೇನು ಕಮ್ಮೀನಾ?"

"ಬಣ್ಣ ಹತ್ತಲಿ ಅಂತ ನೀವು ನೀರಿಗೆ ಎಷ್ಟು ಉಪ್ಪು ಸುರೀತೀರಾ ಆಂಟಿ?"

ಮೂಟೆಗಟ್ಟಲೆ ಸುರಿಯುತ್ತೇವೆ. ಉಪ್ಪಿಲ್ಲದೆ ಈ ಬಣ್ಣ ಹತ್ತಿ ನೂಲನ್ನು ಹಿಡಿಯುವುದಿಲ್ಲ.

"ಅಷ್ಟು ಉಪ್ಪಲ್ಲಿ ಊರಿನ ಬ್ಯಾಕ್ಟೀರಿಯಾ ಸಾಯುತ್ತೆ. ಇದಕ್ಕೆ ತೌರುಮನೆಗೆ ಬಂದ ಹಾಗೆ."

"ಬಣ್ಣಾನ ತಿಂದುಬಿಡುತ್ತಾ?"

"ತಿನ್ನೋಕೆ ಬೆಲ್ಲದ ನೀರು ಕೊಡ್ತೀವಿ. ಗಾಳಿ ಸಿಗದೆ ಇದ್ದಾಗ ಅದು ಬಣ್ಣದೊಳಗಿನ ಒಂದು ಕೊಂಡಿ ಮುರಿಯುತ್ತೆ. ಕೊಂಡಿ ಮುರಿದ್ರೆ ಬಣ್ಣ ಕಾಣ್ಸಲ್ಲ."

"ಕಾಣ್ಸಲ್ವೋ, ಇರಲ್ವೋ?"

ಹುಡುಗಿ ಕಾಫಿ ಲೋಟ ಕೆಳಗಿಟ್ಟಳು. "ಒಳ್ಳೇ ಪ್ರಶ್ನೆ ಆಂಟಿ. ಅದಕ್ಕೇ ಎರಡು ಡ್ರಮ್ಮು ಬೇಕು. ಮೊದಲನೇದು ಮುಚ್ಚಿಟ್ಟಿರೋದು, ಎರಡನೇದು ಗಾಳಿ ಆಡೋದು."

ಇಲ್ಲಿ ನಾನು ತಪ್ಪಿದೆ. ಯಾರಾದರೂ ಎರಡು ಅಂದ ಕೂಡಲೇ ಒಂದು ಅನ್ನುವುದು ನನಗೆ ಉಸಿರಾಟದಷ್ಟು ಅಭ್ಯಾಸ. ಸದ್ಯಕ್ಕೆ ಒಂದರಲ್ಲಿ ನೋಡೋಣ, ಜಾಗ ಎಲ್ಲಿದೆ, ಅಧಿಕಾರಿ ಕೇಳಿರೋದು ಬಣ್ಣ ಹೋಗಬೇಕು ಅಂತ ಮಾತ್ರ ತಾನೆ, ಅಂತ ಒಂದೇ ಸಮನೆ ಮಾತಾಡಿ ಅವಳನ್ನು ಒಂದೇ ಡ್ರಮ್ಮಿಗೆ ಇಳಿಸಿದೆ. ಗೆದ್ದೆ ಅಂತ ಖುಷಿಯೂ ಆಯಿತು. ಒಳ್ಳೇ ಪ್ರಶ್ನೆ ಕೇಳಿದವಳು ನಾನೇ, ಉತ್ತರ ಬರುವಷ್ಟರಲ್ಲಿ ಚೌಕಾಸಿಗೆ ಇಳಿದವಳೂ ನಾನೇ. ನೀವು ಹೀಗೆ ಮಾಡಬೇಡಿ.

ಮೊದಲು ಒಂದು ಬಾಟ್ಲಿಯಲ್ಲಿ ನೋಡಿದೆವು. ನಮ್ಮ ಮೆರೂನ್ ನೀರಿಗೆ ಅವಳ ಗಂಜಿ ತಿಳಿ ಸೇರಿಸಿ, ಬಿಗಿಯಾಗಿ ಮುಚ್ಚಿ, ದೇವರ ಪಟದ ಪಕ್ಕದ ಗೂಡಿನಲ್ಲಿಟ್ಟಳು. ಮೂರನೇ ದಿನಕ್ಕೆ ಬಾಟ್ಲಿಯ ಆಚೆ ಇದ್ದ ಊದುಬತ್ತಿ ಪೊಟ್ಟಣದ ಅಕ್ಷರ ಓದಲು ಬಂತು. ಹುಡುಗಿ ಆ ತಿಳಿ ನೀರನ್ನು ಇನ್ನೊಂದು ಪರೀಕ್ಷೆಗೆ ಅಂತ ತೆಗೆದುಕೊಂಡು ಹೋದಳು. ಏನು ಪರೀಕ್ಷೆ ಅಂತ ನಾನು ಕೇಳಲಿಲ್ಲ. ಕಣ್ಣಿಗೆ ಕಂಡ ಮೇಲೆ ಪರೀಕ್ಷೆ ಯಾಕೆ?

ಆಮೇಲೆ ನೀಲಿ ಪ್ಲಾಸ್ಟಿಕ್ ಡ್ರಮ್ಮು ತುಂಬಿಸಿದೆವು. ಮುಚ್ಚಳ ಹಾಕಿ, ಮುಟ್ಟಬೇಡಿ, ಅಧಿಕಾರಿ ಬರೋ ಶುಕ್ರವಾರದ ಹೊತ್ತಿಗೆ ತಿಳಿಯಾಗಿರುತ್ತೆ ಅಂತ ಹೇಳಿ ಅವಳು ಹೋದಳು. ನಾನು ಮೇಸ್ತ್ರಿಗೆ ಹೇಳಿದ್ದು, "ಶುಕ್ರವಾರದ ತನಕ ಇದು ನಿಮ್ಮ ಜವಾಬ್ದಾರಿ" ಅಂತ. ಮುಟ್ಟಬೇಡಿ ಅನ್ನೋ ಮಾತು ದಾಟಿಸಿದೆನೋ ಇಲ್ಲವೋ ಇವತ್ತಿಗೂ ನೆನಪಿಲ್ಲ.

ಸೋಮವಾರ ಬಂತು, ತುಂಬಿಸಿ ನಾಲ್ಕು ದಿನವಾಗಿತ್ತು. ಮೆರೂನ್ ಮೆರೂನಾಗಿಯೇ ಇತ್ತು. ಬಾಟ್ಲಿಯಲ್ಲಿ ಆದದ್ದು ಡ್ರಮ್ಮಿನಲ್ಲಿ ಯಾಕೆ ಆಗಲಿಲ್ಲ? ಹುಡುಗಿಗೆ ಫೋನು ಮಾಡಿದರೆ, ಬೆಲ್ಲ ಹಾಕಿದ್ರಾ, ಹಾಕಿದ್ವಿ, ಮುಚ್ಚಳ ಇದೆಯಾ, ಇದೆ. "ಗೊತ್ತಾಗ್ತಿಲ್ಲ ಆಂಟಿ, ಶುಕ್ರವಾರ ಬೆಳಿಗ್ಗೆ ಬರ್ತೀನಿ," ಅಂದಳು. ಓದಿದವಳೇ ಗೊತ್ತಾಗ್ತಿಲ್ಲ ಅಂದರೆ ನಾನೇನು ಮಾಡಲಿ? ಡ್ರಮ್ಮಿನ ಮುಂದೆ ಸ್ಟೂಲು ಹಾಕಿಕೊಂಡು ಕೂತೆ.

ಮೇಸ್ತ್ರಿ ಬಂದು ಪಕ್ಕದಲ್ಲಿ ನಿಂತರು. "ಮುನಿಸಿಕೊಂಡಿದೆ ಅಮ್ಮ," ಅಂದರು.

"ಯಾರು?"

"ಡ್ರಮ್ಮು."

ಅವರ ತಾತನ ಕಾಲದಲ್ಲಿ ನೀಲಿ ಬಣ್ಣ ಪುಡಿಯಲ್ಲಿ ಬರುತ್ತಿರಲಿಲ್ಲವಂತೆ. ಗಿಡದ ನೀಲಿಯನ್ನು ಮಣ್ಣಿನ ಗುಡಾಣದಲ್ಲಿ ಹುದುಗು ಬರಿಸಬೇಕಿತ್ತು, ಒಮ್ಮೊಮ್ಮೆ ಗುಡಾಣ ಮುನಿಸಿಕೊಂಡು ಏನು ಮಾಡಿದರೂ ಕೂಡಿ ಬರುತ್ತಿರಲಿಲ್ಲ. ಆಗ ಮನೆಯ ಹಿರಿಯ ಬಣ್ಣಗಾರ ಹೊರಗೆ ಹೋಗಿ ಊರಲ್ಲಿ ಒಂದು ದೊಡ್ಡ ಸುಳ್ಳು ಹಬ್ಬಿಸಬೇಕು. ಜನ ಎಷ್ಟು ನಂಬುತ್ತಾರೋ ಗುಡಾಣ ಅಷ್ಟು ಬೇಗ ಒಲಿಯುತ್ತೆ.

"ಎಂಥಾ ಸುಳ್ಳು?"

"ಎರಡು ತಲೆ ಕರು ಹುಟ್ಟಿದೆ ಅಂತಾನೋ, ಮಹಾರಾಜರು ಈ ಬೀದೀಲಿ ಬರ್ತಾರೆ ಅಂತಾನೋ. ನಾಳೆ ನಾಡಿದ್ದು ನನಗೆ ರಜಾ ಕೊಡಿ."

ಇದನ್ನು ನಂಬುವವಳಲ್ಲ ನಾನು. ಆದರೆ ಸುಳ್ಳಿಗೆ ಖರ್ಚಿಲ್ಲವಲ್ಲ. ಚೌಕಾಸಿಯಲ್ಲಿ ದಿನಾ ಹತ್ತು ಹೇಳುವವಳಿಗೆ ಇದೊಂದು ಹೆಚ್ಚೇ? "ಹೋಗ್ಬನ್ನಿ," ಅಂದೆ. ಏನು ಹೇಳುತ್ತೀರಿ ಅಂತ ಕೇಳಬೇಕಿತ್ತು, ಕೇಳಲಿಲ್ಲ.

ಬುಧವಾರ ಮಧ್ಯಾಹ್ನ ಟೀಚರ್ ಬಾಗಿಲಲ್ಲಿ ನಿಂತರು. "ಏನ್ರೀ, ನಿಮ್ಮ ಶೆಡ್ಡಲ್ಲಿ ಸಮುದ್ರ ಉಕ್ಕಿದೆಯಂತೆ?"

"ಏನು?"

"ಚಾಮರಾಜಪೇಟೇಲಿ ಸೊಪ್ಪಿನವಳು ಹೇಳಿದ್ಲು. ಕಾಟನ್‌ಪೇಟೇಲಿ ಬಣ್ಣದ ಶೆಡ್ಡೊಂದರಲ್ಲಿ ನೆಲದಿಂದ ಉಪ್ಪು ನೀರು ಬಂತಂತೆ, ಡ್ರಮ್ಮಲ್ಲಿ ಹಿಡಿದಿಟ್ಟಿದಾರಂತೆ, ತೀರ್ಥವಂತೆ. ಈ ಗಲ್ಲೀಲಿ ಬಣ್ಣದ ಶೆಡ್ಡು ನಿಮ್ಮದೊಂದೇ."

"ಅಯ್ಯೋ, ಇಲ್ಲ ಟೀಚರ್, ಸುಳ್ಳು."

"ಇಲ್ಲ ಅಂತಾರೆ ಅಂತಾನೂ ಹೇಳಿದ್ಲು."

ನಾನೇ ಎಷ್ಟು ಸಲ ಮಾಡಿದ್ದೇನೆ ಈ ಕೆಲಸ! ಆ ಬಣ್ಣದ ನೂಲು ನನ್ನಲ್ಲಿಲ್ಲ ಅಂತ ಎರಡು ಸಲ ಹೇಳಿದರೆ ಗಿರಾಕಿ ಮೂಲೆ ಮೂಲೆ ಹುಡುಕುತ್ತಾನೆ. ಈಗ ನಾನು ಇಲ್ಲ ಅಂದದ್ದೇ ಸಾಕ್ಷಿಯಾಗಿ ಕೂತಿತು.

ಸಂಜೆ ಮೇಸ್ತ್ರಿ ಬಂದರು. ಮುಖದಲ್ಲಿ ಎರಡು ದಿನದ ಬಿಸಿಲು, ಜೊತೆಗೆ ಏನೋ ಸಾಧಿಸಿದ ಕಳೆ. ಮಲ್ಲೇಶ್ವರದ ಮಾರ್ಕೆಟ್ಟಿನವರೆಗೆ ಹೋಗಿದ್ದರಂತೆ. "ಮೆಜೆಸ್ಟಿಕ್‌ನಲ್ಲೇ ಜಾಸ್ತಿ ಹೊತ್ತು ನಿಂತಿದ್ದೆ ಅಮ್ಮ. ಬಸ್ಸಿಗೆ ಕಾಯೋರಿಗೆ ಹೇಳಿದ್ರೆ ಅವರೇ ಊರೆಲ್ಲ ಹೊತ್ಕೊಂಡು ಹೋಗ್ತಾರೆ."

"ಸಮುದ್ರವೇ ಯಾಕೆ ಬೇಕಿತ್ತು ಮೇಸ್ತ್ರೀ? ಎರಡು ತಲೆ ಕರು ಸಾಲ್ತಿರಲಿಲ್ವಾ?"

"ಕರು ಅಂದ್ರೆ ಈಗಿನೋರು ಫೋಟೋ ಕೇಳ್ತಾರೆ."

ಗುರುವಾರ ಬೆಳಿಗ್ಗೆ ಬಾಗಿಲು ತೆಗೆದು ಮುಚ್ಚಳ ಎತ್ತಿದೆವು. ಡ್ರಮ್ಮಿನ ತಳ ಕಾಣುತ್ತಿತ್ತು. ಒಂದು ಚೂರು ಹಳದಿ ಛಾಯೆ, ನೆನೆಸಿದ ಅಕ್ಕಿ ಬಸಿದ ನೀರಿನಷ್ಟು, ಬಿಟ್ಟರೆ ಮೆರೂನಿನ ಸುಳಿವೇ ಇಲ್ಲ. ನಾನು ಉಪ್ಪಿನ ಮೂಟೆಯ ಮೇಲೆ ಕೂತೆ. ಮೇಸ್ತ್ರಿ ಕೈ ಮುಗಿದರು, ಡ್ರಮ್ಮಿಗೋ ತಾತನಿಗೋ ತಿಳಿಯಲಿಲ್ಲ. ಶೆಡ್ಡು ಉಳಿಯಿತು ಅನ್ನುವ ಸಂತೋಷ ಒಂದು ಕಡೆ, ಹೀಗೆ ಉಳಿಯಬಹುದಾ ಅನ್ನುವ ಗೊಂದಲ ಇನ್ನೊಂದು ಕಡೆ. ಇಷ್ಟು ವರ್ಷ ಹೇಳಿದ ಸುಳ್ಳುಗಳಿಂದ ನಾಲ್ಕು ಕಾಸು ಉಳಿದಿತ್ತು, ನೀರು ತಿಳಿಯಾದದ್ದನ್ನು ನೋಡಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಗಲ್ಲಿಯಲ್ಲಿ ಆಗಲೇ ಏಳೆಂಟು ಜನ ಬಾಟ್ಲಿ ಹಿಡಿದು ನಿಂತಿದ್ದರು. ಅವರನ್ನು ದಾಟಿಕೊಂಡು ಹುಡುಗಿ ಬಂದಳು, ಕೈಯಲ್ಲಿ ಮೂರು ಮುಚ್ಚಿದ ಬಟ್ಟಲು. ಡ್ರಮ್ಮು ನೋಡಿ ಮೊದಲು ನಕ್ಕಳು, ಆಮೇಲೆ ಅದಕ್ಕೆ ಒರಗಿಸಿಟ್ಟಿದ್ದ ಬಿದಿರು ಕೋಲು ನೋಡಿದಳು. ಕೋಲಿನ ಅರ್ಧಕ್ಕೆ ಮೆರೂನ್ ಹತ್ತಿತ್ತು.

"ಇದು ಇಲ್ಯಾಕಿದೆ?"

"ಕಲಕೋಕೆ," ಅಂದರು ಮೇಸ್ತ್ರಿ. "ದಿನಕ್ಕೆ ಮೂರು ಸಲ. ಕಲಕದೆ ಬಿಟ್ರೆ ಬಣ್ಣ ಒಂದೇ ಸಮ ಇರಲ್ಲಮ್ಮ."

"ಅಯ್ಯೋ ತಾತ, ಕಲಕಿದ್ರೆ ಗಾಳಿ ಸೇರುತ್ತೆ. ಗಾಳಿ ಸೇರಿದ್ರೆ ಅದು ಕೆಲಸ ನಿಲ್ಲಿಸುತ್ತೆ. ಸೋಮವಾರ ಆದ್ಮೇಲೂ ಕಲಕಿದ್ರಾ?"

"ಎಲ್ಲಿ ಕಲಕಲಿ? ಎರಡು ದಿನ ಸುಳ್ಳು ಹೇಳೋಕೆ ಹೋಗಿದ್ನಲ್ಲ."

ಹುಡುಗಿಗೆ ಅರ್ಥವಾಗಲಿಲ್ಲ, ನಾನು ವಿವರಿಸಿದೆ. ಅವಳು ಕೋಲನ್ನು ಗೋಡೆಗೆ ಒರಗಿಸಿ, "ಹಾಗಾದ್ರೆ ಸುಳ್ಳಿಂದಾನೇ ಆಗಿದ್ದು, ಒಂಥರಾ," ಅಂದಳು. ಮೇಸ್ತ್ರಿ ನನ್ನ ಕಡೆ ತಿರುಗಿ, ನಾನು ಹೇಳಲಿಲ್ವಾ ಅನ್ನುವ ಹಾಗೆ ನೋಡಿದರು. ಸುಳ್ಳು ಹಬ್ಬಿಸಲು ಊರಿಗೆ ಹೋದವನ ಕೈ ಗುಡಾಣದ ಮೇಲೆ ಇರೋದಿಲ್ಲ. ಅವರ ತಾತನ ತಾತನಿಗೆ ಇದು ಗೊತ್ತಿತ್ತಾ? ಗೊತ್ತಿದ್ದರೆ ಕಲಕಬೇಡ ಅಂತ ನೇರವಾಗಿ ಯಾಕೆ ಹೇಳಲಿಲ್ಲ? ಅಥವಾ ಬಣ್ಣಗಾರನಿಗೆ ಕಲಕಬೇಡ ಅಂದರೆ ಕೇಳುವುದಿಲ್ಲ ಅಂತಲೂ ಗೊತ್ತಿತ್ತಾ?

ಇದನ್ನೇ ಯೋಚಿಸುತ್ತಿದ್ದಾಗ ಹುಡುಗಿ ಮೂರು ಬಟ್ಟಲು ಮೇಜಿನ ಮೇಲೆ ಸಾಲಾಗಿಟ್ಟಳು. ಮೂರರಲ್ಲೂ ಒದ್ದೆ ಬಟ್ಟೆಯ ಮೇಲೆ ಹತ್ತು ಹತ್ತು ಮೆಂತ್ಯದ ಕಾಳು. ಮೊದಲನೆಯದಕ್ಕೆ ನಲ್ಲಿ ನೀರು: ಹತ್ತಕ್ಕೂ ಬಿಳಿ ಬಾಲ ಬಂದಿತ್ತು. ಮೂರನೆಯದಕ್ಕೆ ಬಾಟ್ಲಿಯ ಆ ತಿಳಿ ನೀರು: ಕಾಳು ಊದಿಕೊಂಡು, ಕಂದಿ, ಹಾಗೇ ಕೂತಿದ್ದವು.

"ಉಪ್ಪು ನೀರಲ್ಲಿ ಮೆಂತ್ಯ ಎಲ್ಲಿ ಮೊಳೆಯುತ್ತೆ?" ಅಂದೆ. ಅಷ್ಟು ಸುಲಭಕ್ಕೆ ಬಿಡುವವಳಲ್ಲ ನಾನು.

"ನೀವು ಹಾಗೆ ಕೇಳ್ತೀರ ಅಂತಾನೇ ನಡುವೆ ಇದಿಟ್ಟಿರೋದು. ಇದಕ್ಕೆ ಬರೀ ಉಪ್ಪು ನೀರು. ನಿಮ್ಮ ನೀರಲ್ಲಿ ಎಷ್ಟು ಉಪ್ಪೋ ಅಷ್ಟೇ. ಎರಡಕ್ಕೂ ಒಂದೇ ಅಳತೇಲಿ ನೀರು ಬೆರೆಸಿ ತೆಳು ಮಾಡಿದೀನಿ."

ನಡುವಿನದರಲ್ಲಿ ಆರು ಮೊಳೆತಿದ್ದವು.

"ಅಂದ್ರೆ?"

"ಅಂದ್ರೆ ಕೊಂಡಿ ಮುರಿದಿದೆ, ಬಣ್ಣ ಕಾಣ್ತಿಲ್ಲ. ಮುರಿದ ತುಂಡುಗಳು ನೀರಲ್ಲೇ ಇವೆ. ಅವಕ್ಕೆ ಬಣ್ಣ ಇಲ್ಲ, ಆದ್ರೆ ಅವು ಒಳ್ಳೇವಲ್ಲ. ಅದಕ್ಕೇ ಎರಡನೇ ಡ್ರಮ್ಮು ಕೇಳಿದ್ದು ಆಂಟಿ."

ಲಡಿಯನ್ನು ಬೆಳಕಿಗೆ ಹಿಡಿದು ಒಂದು ಎಳೆ ಮಾಸಲಿದ್ದರೂ ಹಿಡಿಯುತ್ತೇನೆ ನಾನು. ಆ ಕಣ್ಣಿಗೆ ಈ ನೀರು ಪಾಸು. ಮೋರಿಯಲ್ಲಿ ಕೆಂಪಾಗಿ ಹರಿಯುತ್ತಿದ್ದಾಗ ಕಡೇಪಕ್ಷ ಅದರಲ್ಲಿ ಏನಿದೆ ಅಂತ ಟೀಚರಿಗಾದರೂ ಕಾಣುತ್ತಿತ್ತು. ಈಗ ಯಾರಿಗೂ ಕಾಣುವುದಿಲ್ಲ. ಅಂದರೆ ನಾವು ಸರಿ ಮಾಡಿದೆವೋ, ಮುಚ್ಚಿಟ್ಟೆವೋ?

ಅಷ್ಟರಲ್ಲಿ ಅಧಿಕಾರಿ ಬಂದರು, ಅವರ ಹಿಂದೆಯೇ ಟೀಚರ್. ಅಧಿಕಾರಿ ಡ್ರಮ್ಮಿನೊಳಗೆ ಟಾರ್ಚು ಬಿಟ್ಟು ನೋಡಿ, ತಲೆದೂಗಿ, ಫಾರಂ ತೆಗೆದರು. ಟೀಚರ್ ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು.

"ಒಪ್ಪಿದೆ ಕಣ್ರೀ," ಅಂದರು ನನಗೆ. "ಇಷ್ಟು ಮಾಡ್ತೀರ ಅಂದ್ಕೊಂಡಿರಲಿಲ್ಲ. ನನ್ನ ಅರ್ಜಿ ವಾಪಸ್ ತಗೋತೀನಿ, ಬರೆದುಕೊಡ್ತೀನಿ." ಆಮೇಲೆ ಸೆರಗಿನ ಒಳಗಿಂದ ಅದೇ ಸ್ಟೀಲ್ ಲೋಟ ತೆಗೆದರು. "ಆ ತೀರ್ಥ ಗೀರ್ಥ ಎಲ್ಲ ನಂಬೋಳಲ್ಲ ನಾನು. ಆದ್ರೂ ಒಂದು ಲೋಟ ಕೊಡಿ, ತುಳಸಿಗೆ ಹಾಕ್ತೀನಿ."

ಬಾಗಿಲಲ್ಲಿ ಬಾಟ್ಲಿಯವರು ಒಂದು ಹೆಜ್ಜೆ ಮುಂದೆ ಬಂದರು. ಅಧಿಕಾರಿಯ ಪೆನ್ನು ಫಾರಂ ಮೇಲಿತ್ತು. ನಾನು ಬೇಡಿದ್ದೆಲ್ಲ ಒಂದೇ ನಿಮಿಷದಲ್ಲಿ, ಒಂದು ಮಾತೂ ಆಡದೆ, ನನ್ನ ಮುಂದೆ ಬಂದು ನಿಂತಿತ್ತು. ಇಂಥ ಹೊತ್ತಿನಲ್ಲಿ ಏನು ಮಾಡಬೇಕು ಅಂತ ಯಾರು ಕೇಳಿದರೂ ನಾನು ಹೇಳಿಕೊಟ್ಟೇನು: ಬಾಯಿ ಮುಚ್ಚಿಕೊಂಡಿರಿ, ಸಹಿ ಒಣಗುವ ತನಕ.

"ಕೊಡಲ್ಲ ಟೀಚರ್," ಅಂದೆ.

"ಒಂದು ಲೋಟಾನಾ?"

"ಒಂದು ಹನೀನೂ ಕೊಡಲ್ಲ. ನಿಮ್ಮ ತುಳಸಿ ಸತ್ತುಹೋಗುತ್ತೆ." ಮೆಂತ್ಯದ ಬಟ್ಟಲುಗಳನ್ನು ಅವರ ಮುಂದೆ ತಳ್ಳಿದೆ. ಬಾಗಿಲಲ್ಲಿದ್ದವರಿಗೂ ಕೇಳಲಿ ಅಂತ ದನಿ ಎತ್ತಿ, ಇದು ತೀರ್ಥವಲ್ಲ, ಬಣ್ಣ ತೆಗೆದ ಕೊಳೆ ನೀರು, ಸಮುದ್ರದ್ದು ಅಂದರೆ ಒಳಗಿರುವ ಹುಳ ಮಾತ್ರ ಅಂದೆ. ಹುಳ ಅಂದದ್ದಕ್ಕೆ ಹುಡುಗಿ ಮುಖ ಸಿಂಡರಿಸಿದಳು. ಬಾಟ್ಲಿಯವರಲ್ಲಿ ಅರ್ಧ ಜನ ಹೋದರು. ಉಳಿದ ಅರ್ಧ ಜನಕ್ಕೆ ನಾನು ತೀರ್ಥವನ್ನು ಒಬ್ಬಳೇ ಇಟ್ಟುಕೊಳ್ಳಲು ಹೀಗನ್ನುತ್ತಿದ್ದೇನೆ ಅಂತ ಗುಮಾನಿ. ಅವರನ್ನು ಕಳಿಸಲು ಮೇಸ್ತ್ರಿಯೇ ಹೊರಗೆ ಹೋಗಿ, ಸಮುದ್ರ ನಿನ್ನೆಯೇ ಇಂಗಿಹೋಯಿತು ಅಂತ ಇನ್ನೊಂದು ಸುಳ್ಳು ಹೇಳಬೇಕಾಯಿತು.

ಅಧಿಕಾರಿ ಬಟ್ಟಲುಗಳನ್ನು ನೋಡಿದರು, ಫಾರಂ ನೋಡಿದರು. "ಇದರಲ್ಲಿ ಬಣ್ಣಕ್ಕೆ ಜಾಗ ಇದೆ," ಅಂದರು. "ಮೊಳಕೆಗೆ ಇಲ್ಲ." ಅವರೂ ಗೊಂದಲಕ್ಕೆ ಬಿದ್ದದ್ದು ನೋಡಿ ನನಗೆ ಸ್ವಲ್ಪ ಸಮಾಧಾನವಾಯಿತು. ಕೊನೆಗೆ ಎರಡು ಬಾಟ್ಲಿ ನೀರು ಪರೀಕ್ಷೆಗೆ ತುಂಬಿಕೊಂಡರು. ಬೀಗ ಹಾಕಲಿಲ್ಲ. ವರದಿ ಬರುವ ತನಕ ಒಂದು ಹನಿಯೂ ಮೋರಿಗೆ ಬಿಡಬಾರದು, ಡ್ರಮ್ಮು ಹಿಡಿಯುವಷ್ಟೇ ಬಣ್ಣ ಹಾಕಿ ಅಂತ ಬರೆದು ಹೋದರು. ಟೀಚರ್ ಅರ್ಜಿ ವಾಪಸ್ ತೆಗೆದುಕೊಳ್ಳಲಿಲ್ಲ. ಲೋಟ ತೆಗೆದುಕೊಂಡು ಹೋದರು.

ಮೊದಲು ವಾರಕ್ಕೆ ಆರು ದಿನ ಹಂಡೆ ಕಾಯುತ್ತಿತ್ತು, ಈಗ ಎರಡು ದಿನ. ಎರಡನೇ ಡ್ರಮ್ಮು ತಂದೆ, ಚೌಕಾಸಿ ಮಾಡಿಯೇ ತಂದೆ. ಮೀನಿನ ತೊಟ್ಟಿಗೆ ಹಾಕುವ ಗಾಳಿ ಪಂಪು ಹುಡುಗಿ ತಂದಳು. ಮೊದಲನೇ ಡ್ರಮ್ಮಿನಲ್ಲಿ ತಿಳಿಯಾದ ನೀರು ಇದಕ್ಕೆ ಬರುತ್ತೆ, ಇಲ್ಲಿ ಗಾಳಿ ಬೇಕು, ಎಷ್ಟು ಬೇಕಾದರೂ ಕಲಕಬಹುದು ಅಂದಾಗ ಮೇಸ್ತ್ರಿಯ ಮುಖ ನೋಡಬೇಕಿತ್ತು. ಪಂಪು ಗುಳುಗುಳು ಅನ್ನುತ್ತಿದ್ದರೂ ಅವರು ಕೋಲು ಬಿಟ್ಟಿಲ್ಲ.

ಎರಡನೇ ಡ್ರಮ್ಮಿನ ನೀರಿನಲ್ಲಿ ಮೆಂತ್ಯ ನೆನೆಸಿಡುವುದು ಈಗ ನನ್ನ ಕೆಲಸ. ಹುಡುಗಿ ಹೇಳಿಕೊಟ್ಟ ಅಳತೆ, ಹತ್ತು ಕಾಳು, ಪಕ್ಕದಲ್ಲಿ ಬರೀ ಉಪ್ಪು ನೀರಿನದೊಂದು. ವರದಿ ಇನ್ನೂ ಬಂದಿಲ್ಲ. ಎಷ್ಟು ಮೊಳೆತರೆ ಸರಿ ಅಂತ ಹುಡುಗಿಯನ್ನು ಕೇಳಿದರೆ, ಬರೀ ಮೆಂತ್ಯದಿಂದ ಹೇಳೋಕಾಗಲ್ಲ ಆಂಟಿ ಅನ್ನುತ್ತಾಳೆ. ಹಾಗಾದರೆ ಯಾತರಿಂದ ಹೇಳುವುದು ಅಂದರೆ ಹೇಳುತ್ತಾಳೆ, ನನಗೆ ಅರ್ಧ ಅರ್ಥವಾಗುತ್ತೆ.

ಟೀಚರ್ ದಿನಾ ಬೆಳಿಗ್ಗೆ ಬರುತ್ತಾರೆ, ಕನ್ನಡಕ ಹಾಕಿಕೊಂಡು ಎಣಿಸುತ್ತಾರೆ. ನಿನ್ನೆಯೂ ಬಂದಿದ್ದರು.

"ಆರು," ಅಂದರು.

"ಐದು ಟೀಚರ್."

"ಇದೋ ನೋಡಿ, ಬಾಲ ಬಂದಿದೆ. ಆರು. ಆರು ಅಂದ್ರೆ ನಿಮಗೇ ಒಳ್ಳೇದಲ್ವೇನ್ರೀ?"

ಆ ಕಾಳನ್ನು ಉಗುರಿನಿಂದ ಹೊರಳಿಸಿ ಬೆಳಕಿಗೆ ಹಿಡಿದೆ. ಸಿಪ್ಪೆ ಬಿರಿದಿತ್ತು. ಬಾಲವೋ, ಸಿಪ್ಪೆಯ ಅಂಚೋ ಹೇಳಲಾಗಲಿಲ್ಲ.

"ಊದ್ಕೊಂಡಿದೆ ಅಷ್ಟೆ," ಅಂದೆ. "ಐದೇ ಅಂತ ಇಟ್ಕೊಳ್ಳಿ. ನಾಳೆ ನೋಡೋಣ."